ಬಚ್ಚಲ ಬಾಯ್ಲರ್: ಹೊಗೆಕೊಳವೆ, ಏರ್ ಪೈಪುಗಳ ಕಡೆ ಗಮನವಿರಲಿ

ಸಂಪಾದಕರಿಗೆ,

ಮಾನ್ಯರೇ,

ಮಲೆನಾಡು ಮತ್ತು ಕರಾವಳಿಯ ಊರುಗಳಲ್ಲಿ ಹಳೆಯ ಹಂಡೆಯ ಜಾಗಕ್ಕೆ ತಾಮ್ರದ ಅಥವಾ ಸ್ಟೀಲಿನ ಕಟ್ಟಿಗೆ ಬಾಯ್ಲರ್ ಬಂದು ಬಹಳ ಕಾಲವಾಯಿತು. ಅಡಿಕೆ ಸೋಗೆ, ಹಾಳೆ, ತೆಂಗಿನ ಮಟ್ಟೆ, ಕರಟ, ಒಣಗಿ ಬಿದ್ದ ರೆಂಬೆ ಹೀಗೆ ತೋಟದಲ್ಲೇ ಸಿಗುವ ಉರುವಲಿನಿಂದ ಇಡೀ ಮನೆಯ ಸ್ನಾನಕ್ಕೆ ನೀರು ಕಾಯುತ್ತದೆ; ದಿನಗಟ್ಟಲೆ ಕರೆಂಟು ಇಲ್ಲದ ಮಳೆಗಾಲದಲ್ಲಿ ಇದಕ್ಕಿಂತ ನೆಚ್ಚಿಕೆಯ ಸಾಧನ ಇನ್ನೊಂದಿಲ್ಲ. ಅದನ್ನು ಬಿಟ್ಟುಬಿಡಿ ಎಂದು ಹೇಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿಲ್ಲ. ಬಾಯ್ಲರ್ ಕೊಳ್ಳುವಾಗ ತಾಮ್ರದ ತೂಕ, ಹಿಡಿಯುವ ನೀರು, ಬೆಲೆ ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸುವ ನಾವು, ಅದಕ್ಕೆ ಜೋಡಿಸಬೇಕಾದ ಎರಡು ಕೊಳವೆಗಳನ್ನು, ಅಂದರೆ ಹೊಗೆ ಹೋಗುವ ಚಿಮಣಿಯನ್ನೂ ಆವಿ ಹೋಗುವ ಏರ್ ಪೈಪನ್ನೂ, ಮನೆಯಲ್ಲಿ ಉಳಿದ ಪೈಪಿನ ತುಂಡಿನಲ್ಲಿ ಹೇಗೋ ಮುಗಿಸಿಬಿಡುತ್ತೇವೆ. ಜೀವಕ್ಕೆ ಎರವಾಗುವ ಅಪಾಯಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಎರಡರಿಂದಲೇ. ಮಳೆಗಾಲ ಹತ್ತಿರವಾಗಿರುವ ಈ ಹೊತ್ತಿನಲ್ಲಿ ಓದುಗರ ಗಮನವನ್ನು ಆ ಕಡೆಗೆ ಸೆಳೆಯಬೇಕೆನಿಸಿದೆ.

ಹಿಂದಿನ ಬಚ್ಚಲುಮನೆ ಬಹುತೇಕ ಕಡೆ ವಾಸದ ಮನೆಯಿಂದ ಬೇರೆಯಾಗಿ, ಹಿತ್ತಲಿಗೆ ಹೊಂದಿಕೊಂಡು ಇರುತ್ತಿತ್ತು. ಮೇಲೆ ಹೆಂಚು, ಹೆಂಚಿನ ನಡುವೆ ಸಂದು, ಗೋಡೆ ಮಾಡಿಗೆ ಮುಟ್ಟದೆ ಬಿಟ್ಟ ತೆರಪು. ಅನೇಕ ಮನೆಗಳಲ್ಲಿ ಹಂಡೆ ಒಳಗಿದ್ದರೂ ಒಲೆಯ ಬಾಯಿ ಗೋಡೆಯ ಆಚೆಗಿರುತ್ತಿತ್ತು. ಹೊಗೆ ಕಣ್ಣು ಉರಿಸುತ್ತಿತ್ತು ನಿಜ, ಆದರೆ ಗಾಳಿಯಾಡುವುದಕ್ಕೆ ಅಡ್ಡಿ ಇರಲಿಲ್ಲ. ಈಗ ಅದೇ ಬೆಂಕಿಯನ್ನು ಆರ್‌ಸಿಸಿ ಛಾವಣಿಯ, ಟೈಲ್ಸ್ ಹಾಕಿದ, ಗಾಜಿನ ಕಿಟಕಿಯ, ಬಾಗಿಲು ಬಿಗಿಯಾಗಿ ಮುಚ್ಚುವ ಕೋಣೆಗೆ ತಂದಿದ್ದೇವೆ. ಕೆಲವರು ಮೇಲಿಂದ ಒಂದು ಎಕ್ಸಾಸ್ಟ್ ಫ್ಯಾನನ್ನೂ ಕೂರಿಸಿದ್ದಾರೆ. ಮಾಡಿನ ಸಂದುಗಳು ತಾವಾಗಿ ಮಾಡುತ್ತಿದ್ದ ಕೆಲಸವನ್ನು ಇನ್ನು ಚಿಮಣಿಯೊಂದೇ ಮಾಡಬೇಕು. ಅದು ಕಟ್ಟಿಕೊಂಡರೆ ಬೇರೆ ದಾರಿಯಿಲ್ಲ.

ಇಲ್ಲಿ ಹೆದರಬೇಕಾದದ್ದು ಕಣ್ಣಿಗೆ ಕಾಣುವ ಹೊಗೆಗಿಂತ ಹೆಚ್ಚಾಗಿ ಕಾಣದ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಜ್ವಾಲೆ ಆರಿ ಕೆಂಡ ಮಾತ್ರ ಉಳಿದಾಗ, ಹೊಗೆಯೇ ಇಲ್ಲವೆಂದು ನಾವು ನಿಶ್ಚಿಂತರಾಗುವ ಹೊತ್ತಿನಲ್ಲಿ, ಈ ಅನಿಲ ಧಾರಾಳವಾಗಿ ಹುಟ್ಟುತ್ತಿರುತ್ತದೆ. ಬೆಳಗಿನವರೆಗೂ ನೀರು ಬಿಸಿಯಾಗಿರಲಿ ಎಂದು ರಾತ್ರಿ ಒಲೆ ತುಂಬ ಕೆಂಡವಿಟ್ಟು, ಗಾಳಿಯ ಬಾಯನ್ನೂ ಚಿಮಣಿಯ ತಡೆಬಿಲ್ಲೆಯನ್ನೂ (ಹೊಗೆಯ ದಾರಿಯನ್ನು ಮುಚ್ಚಿ ತೆರೆಯುವ ಬಿಲ್ಲೆ) ಪೂರ್ತಿ ಮುಚ್ಚಿ ಮಲಗುವ ಪದ್ಧತಿ ಈ ಕಾರಣಕ್ಕೇ ಬಹಳ ಅಪಾಯದ್ದು. ಕೆಂಡ ಪೂರ್ತಿ ಆರುವವರೆಗೆ ತಡೆಬಿಲ್ಲೆಯನ್ನು ಮುಚ್ಚಲೇಬಾರದು. ಚಳಿಗೆಂದು ಅದೇ ಕೆಂಡವನ್ನು ಬಾಣಲೆಯಲ್ಲಿ ತುಂಬಿ ಬಾಣಂತಿಯ ಅಥವಾ ವಯಸ್ಸಾದವರ ಕೋಣೆಯಲ್ಲಿಟ್ಟು ಬಾಗಿಲು ಹಾಕುವುದೂ ಅಷ್ಟೇ ಅಪಾಯಕಾರಿ.

ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಕುಸಿದಂತಾಗುವುದು, ಮಂಕು ಕವಿಯುವುದು ಇದರ ಲಕ್ಷಣಗಳು. ಜ್ವರವಿಲ್ಲದೆ ಮನೆಯಲ್ಲಿರುವ ಹಲವರಿಗೆ ಒಟ್ಟಿಗೆ ಹೀಗಾದರೆ, ಅಂಗಳಕ್ಕೆ ಬಂದೊಡನೆ ಹಗುರವೆನಿಸಿದರೆ, ಪಿತ್ತವೆಂದೋ ನಿನ್ನೆಯ ಊಟದ ದೋಷವೆಂದೋ ತಳ್ಳಿಹಾಕದೆ ಮೊದಲು ಒಲೆಯನ್ನು ಸಂಶಯಿಸಬೇಕು. ಬಚ್ಚಲಲ್ಲಿ ಯಾರಾದರೂ ಕುಸಿದಿದ್ದರೆ ಬಾಗಿಲು ಕಿಟಕಿ ತೆರೆದು ತಕ್ಷಣ ಹೊರಗಿನ ಗಾಳಿಗೆ ಸಾಗಿಸಿ 108ಕ್ಕೆ ಕರೆ ಮಾಡಬೇಕು. ಕೋವಿಡ್ ಕಾಲದಿಂದ ಅನೇಕ ಮನೆಗಳಲ್ಲಿರುವ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಈ ಸಂದರ್ಭದಲ್ಲಿ ನಂಬಬಾರದು. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹಿಡಿದದ್ದೆಂದೇ ಓದುವುದರಿಂದ, ವಿಷ ಏರಿದವರಲ್ಲೂ 98 ಎಂದು ತೋರಿಸಬಲ್ಲದು. ಆಸ್ಪತ್ರೆಯಲ್ಲಿ 'ಕಟ್ಟಿಗೆ ಬಾಯ್ಲರ್ ಉರಿಯುತ್ತಿತ್ತು, ಕೋಣೆ ಮುಚ್ಚಿತ್ತು' ಎಂಬ ಮಾತನ್ನು ವೈದ್ಯರಿಗೆ ಹೇಳುವುದು ಮುಖ್ಯ. ಶುದ್ಧ ಆಮ್ಲಜನಕ ಕೊಟ್ಟರೆ ರಕ್ತದಲ್ಲಿನ ವಿಷ ಸುಮಾರು ಒಂದೂವರೆ ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ, ಬರಿಯ ಗಾಳಿಯಲ್ಲಿ ಅದಕ್ಕೆ ನಾಲ್ಕೈದು ಗಂಟೆ ಬೇಕು.

ಚಿಮಣಿ ಹೊಗೆಯನ್ನು ಎಳೆಯುವುದು ಬಿಸಿ ಗಾಳಿ ಹಗುರ ಎಂಬ ಒಂದೇ ಕಾರಣದಿಂದ, ಮತ್ತು ಆ ಸೆಳೆತ ನಾವೆಣಿಸುವುದಕ್ಕಿಂತ ಎಷ್ಟೋ ಕ್ಷೀಣವಾದದ್ದು. 4 ಮೀಟರ್ ಎತ್ತರದ ಕೊಳವೆಯಲ್ಲಿ ಹೊಗೆಯ ಶಾಖ 150 ಡಿಗ್ರಿ ಸೆಲ್ಸಿಯಸ್, ಹೊರಗೆ 25 ಡಿಗ್ರಿ ಇದ್ದರೆ ಸೆಳೆತ ಸುಮಾರು 14 ಪಾಸ್ಕಲ್; ಒಂದೂವರೆ ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕಿಂತಲೂ ಅದು ಕಡಿಮೆ. ಹೊಗೆ 60 ಡಿಗ್ರಿಗೆ ತಣಿದರೆ 5 ಪಾಸ್ಕಲಿಗೆ ಇಳಿಯುತ್ತದೆ. ಇಷ್ಟು ಸಣ್ಣ ಬಲವನ್ನು ಒಂದು ಹಕ್ಕಿಗೂಡು, ಎರಡು ಮೊಣಕೈ ತಿರುವು, ಗಾಳಿ ಬಾರದಂತೆ ಮುಚ್ಚಿದ ಕೋಣೆಯಲ್ಲಿ ತಿರುಗುವ ಒಂದು ಎಕ್ಸಾಸ್ಟ್ ಫ್ಯಾನ್ ಸುಲಭವಾಗಿ ಸೋಲಿಸಬಲ್ಲದು. ಚಿಮಣಿಯ ಯಾವ ತೊಂದರೆಯನ್ನಾದರೂ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಕಾರಣ ಬೇಗ ಹೊಳೆಯುತ್ತದೆ.

ಹೊಗೆ ಯಾವಾಗ ಮರಳಿ ಬರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಬೆಂಕಿ ಹೊತ್ತಿಸುವಾಗ ಮಾತ್ರ ಬಂದು ಐದು ನಿಮಿಷದಲ್ಲಿ ಸರಿಹೋದರೆ ಕೊಳವೆ ತಣ್ಣಗಿತ್ತೆಂದು ಅರ್ಥ. ಚಿಮಣಿಯ ಬುಡದ ಮುಚ್ಚಳ ತೆಗೆದು ಒಂದು ಹಾಳೆ ಪೇಪರನ್ನೋ ಒಣ ಸೋಗೆಯನ್ನೋ ಅಲ್ಲಿ ಉರಿಸಿ, ಜ್ವಾಲೆ ಒಳಗೆ ವಾಲುವುದನ್ನು ಕಂಡ ಮೇಲೆ ಒಲೆ ಹೊತ್ತಿಸಿದರೆ ಆ ತೊಂದರೆಯಿರುವುದಿಲ್ಲ. ಫ್ಯಾನ್ ಹಾಕಿದಾಗ ಮಾತ್ರ ಹೊಗೆ ಬರುತ್ತಿದ್ದರೆ ಫ್ಯಾನು ಚಿಮಣಿಯಿಂದಲೇ ಗಾಳಿಯನ್ನು ಕೆಳಕ್ಕೆಳೆಯುತ್ತಿದೆ. ಬಾಯ್ಲರ್ ಇರುವ ಕೋಣೆಯಿಂದ ಆ ಫ್ಯಾನನ್ನು ತೆಗೆಸುವುದೇ ಸರಿ. ಪಕ್ಕದ ಅಡುಗೆಮನೆಯ ಫ್ಯಾನೂ ಇದೇ ಕೆಲಸ ಮಾಡಬಲ್ಲದು, ನಡುವಿನ ಬಾಗಿಲು ತೆರೆದಿದ್ದರೆ ಸಾಕು. ಗಾಳಿ ಒಂದೇ ದಿಕ್ಕಿನಿಂದ ಬೀಸಿದಾಗ ಹೊಗೆ ಬಂದರೆ ಚಿಮಣಿಯ ತಲೆ ಮಾಡಿನ ಕೋಡಿಗಿಂತಲೋ ಪಕ್ಕದ ಗೋಡೆಗಿಂತಲೋ ಕೆಳಗಿದೆ. ಛಾವಣಿಯನ್ನು ಹಾಯುವ ಜಾಗದಿಂದ ಕನಿಷ್ಠ 3 ಅಡಿ ಮೇಲೆ, ಸುತ್ತಲಿನ 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರದಲ್ಲಿ ಅದರ ತುದಿ ಇರಬೇಕೆಂಬುದು ಹಲವೆಡೆ ಒಪ್ಪಿತವಾದ ಅಳತೆ. ಗುಡ್ಡದ ಇಳಿಜಾರಿಗೆ ತಗ್ಗಿ ಕಟ್ಟಿದ ನಮ್ಮ ಕಡೆಯ ಮನೆಗಳಿಗೆ ಕೆಲವೊಮ್ಮೆ ಇದೂ ಸಾಲದು, ಮೇಲಿನಿಂದ ಇಳಿಯುವ ಗಾಳಿ ನೇರ ಕೊಳವೆಯ ಬಾಯಿಗೇ ಹೊಡೆಯುತ್ತದೆ. ಅಲ್ಲಿ ಎಚ್ ಆಕಾರದ ತಲೆಯನ್ನು ಕೂರಿಸಿ ನೋಡಬೇಕು.

ಹೊಸತರಿಂದಲೂ ಹೊಗೆ ಸರಿಯಾಗಿ ಹೋಗುತ್ತಿಲ್ಲವಾದರೆ ಕೆಲಸ ಮಾಡಿದವರ ಲೆಕ್ಕ ತಪ್ಪಿದೆ. ಬಾಯ್ಲರಿನ ಕೊರಳು 6 ಇಂಚಿದ್ದಾಗ ಅಂಗಡಿಯಲ್ಲಿ 4 ಇಂಚಿನದು ಮಾತ್ರ ಸಿಕ್ಕಿತೆಂದು ಅದನ್ನೇ ಜೋಡಿಸಿರಬಹುದು, ಲಂಬವಾಗಿ ಏರಬೇಕಾದ ಪೈಪನ್ನು ಗೋಡೆ ಹಾಯಿಸಲು ಉದ್ದಕ್ಕೆ ಮಲಗಿಸಿರಬಹುದು, ಅಥವಾ ಅಡುಗೆ ಒಲೆಗೂ ಬಚ್ಚಲ ಬಾಯ್ಲರಿಗೂ ಒಂದೇ ಚಿಮಣಿಯನ್ನು ಹಂಚಿರಬಹುದು. ಈ ಕೊನೆಯದು ವಿಶೇಷವಾಗಿ ಕೆಟ್ಟದ್ದು, ಏಕೆಂದರೆ ಒಂದನ್ನು ಉರಿಸಿದಾಗ ಅದರ ಹೊಗೆ ಉರಿಯದ ಇನ್ನೊಂದು ಒಲೆಯ ಬಾಯಿಂದ ಮನೆಯೊಳಗೆ ಬರುತ್ತದೆ. ಮೊದಲು ಚೆನ್ನಾಗಿದ್ದು ದಿನದಿಂದ ದಿನಕ್ಕೆ ಕೆಡುತ್ತ ಬಂದರೆ ಒಳಗೆ ಮಸಿ ಕಟ್ಟಿದೆ. ನಿನ್ನೆ ಸರಿಯಿದ್ದು ಇಂದು ಏಕಾಏಕಿ ಕೆಟ್ಟರೆ ಗೂಡನ್ನು, ಜರುಗಿದ ಜೋಡಣೆಯನ್ನು, ತೂತಾಗಿ ಒಳಗೆ ಬಿದ್ದ ಮುಚ್ಚಳದ ತಗಡನ್ನು ಹುಡುಕಬೇಕು. ರಜೆಗೆಂದು ಮನೆ ಮುಚ್ಚಿದ್ದವರು ಮರಳಿ ಬಂದು ಮೊದಲ ಸಲ ಒಲೆ ಹಚ್ಚುವಾಗ ಹಕ್ಕಿ, ಅಳಿಲು, ಕಣಜ ಇವುಗಳನ್ನು ನೆನಪಿಡುವುದು ಒಳ್ಳೆಯದು.

ಕೆಲವರು ಹೊಸ ಬಾಯ್ಲರ್ ತಳದಲ್ಲಿ ತೊಟ್ಟಿಕ್ಕುತ್ತದೆಂದು ಅಂಗಡಿಯವರೊಡನೆ ಜಗಳಕ್ಕಿಳಿಯುತ್ತಾರೆ. ತಣ್ಣೀರು ತುಂಬಿದ ಪಾತ್ರೆಗೆ ಬೆಂಕಿ ಹಚ್ಚಿದಾಗ ಹೊಗೆಯಲ್ಲಿನ ನೀರಾವಿ ಆ ತಣ್ಣನೆಯ ತಾಮ್ರಕ್ಕೆ ತಗುಲಿ ಹನಿಯಾಗುವುದು ಸಹಜ. ನೀರು ಬೆಚ್ಚಗಾಗುತ್ತಲೇ ಅದು ನಿಂತರೆ ಸೋರಿಕೆಯಲ್ಲ; ನೀರು ಕಾದ ಮೇಲೂ ತೊಟ್ಟಿಕ್ಕಿದರೆ ಬೆಸುಗೆ ಬಿಟ್ಟಿದೆ.

ಪೈಪಿನ ಜೋಡಣೆಗಳಿಂದ ಕಪ್ಪು ಜಿಡ್ಡಿನ ನೀರು ಗೋಡೆಗೆ ಇಳಿಯುವುದು ಬೇರೆ ಮಾತು, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆಗುಂಬೆಯ ಸುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ನಮ್ಮ ತಾಲ್ಲೂಕಿನಲ್ಲಿ ಜುಲೈ ತಿಂಗಳ ಸೌದೆ ಒಣಗಿರುವುದು ಅಪರೂಪ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಒಣಗಿದ ಸೌದೆಯಲ್ಲಿ ಅದು ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಅಷ್ಟು ನೀರನ್ನು ಆವಿಯಾಗಿಸುವುದರಲ್ಲೇ ಬೆಂಕಿಯ ಶಾಖ ಮುಗಿದು, ಅರೆಬೆಂದ ಅನಿಲಗಳು ತಣ್ಣನೆಯ ಕೊಳವೆಯ ಒಳಮೈಗೆ ಟಾರಿನಂತೆ ಅಂಟುತ್ತವೆ. ಈ ಟಾರು ಹೊಗೆಯ ದಾರಿಯನ್ನು ಕಿರಿದಾಗಿಸುತ್ತದೆ ಮತ್ತು ತಾನೇ ಒಳ್ಳೆಯ ಉರುವಲಾಗಿ ಕಾದು ಕುಳಿತಿರುತ್ತದೆ. ಎಂದೋ ಒಂದು ದಿನ ಒಣ ಸೋಗೆಯನ್ನು ಒಟ್ಟಿಗೆ ತುರುಕಿ ಜೋರಾಗಿ ಉರಿಸಿದಾಗ ಅದಕ್ಕೆ ಬೆಂಕಿ ಹತ್ತಿದರೆ ಚಿಮಣಿ ಗುಡುಗಿನಂತೆ ಮೊರೆಯುತ್ತದೆ, ತುದಿಯಲ್ಲಿ ಕಿಡಿ ಹಾರುತ್ತದೆ, ಒಳಗಿನ ಶಾಖ 1000 ಡಿಗ್ರಿಯನ್ನು ಮುಟ್ಟಬಹುದು. ಆಗ ಮೇಲಿನಿಂದ ನೀರು ಸುರಿಯಬಾರದು. ಕೊಳವೆ ಒಡೆಯುತ್ತದೆ, ಸುರಿದವರಿಗೆ ಆವಿ ಹೊಡೆಯುತ್ತದೆ. ಒಲೆಯ ಬಾಗಿಲನ್ನೂ ಬೂದಿಯ ಬಾಯನ್ನೂ ಬಿಗಿಯಾಗಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳುಹಿಸಿ 112ಕ್ಕೆ ಅಥವಾ 101ಕ್ಕೆ ಕರೆ ಮಾಡಬೇಕು.

ಇದನ್ನು ತಡೆಯುವ ಉಪಾಯಗಳು ಹೆಚ್ಚು ಖರ್ಚಿನವಲ್ಲ. ಸೌದೆಯನ್ನು ಬೇಸಿಗೆಯಲ್ಲೇ ಸೀಳಿ, ನೆಲದಿಂದ ಎತ್ತರಿಸಿ, ಮೇಲೆ ಮಾಡು ಮಾತ್ರವಿದ್ದು ಪಕ್ಕದಿಂದ ಗಾಳಿಯಾಡುವಂತೆ ಒಟ್ಟಬೇಕು. ಹಸಿ ಸೌದೆಗೆ ಟಾರ್ಪಾಲು ಸುತ್ತಿದರೆ ಅದು ಒಣಗುವುದಿಲ್ಲ. ಮಳೆಗಾಲದಲ್ಲಿ ಒಣಗಲೆಂದು ಸೌದೆಯನ್ನೂ ಸಿಪ್ಪೆಯನ್ನೂ ಬಾಯ್ಲರ್ ಮೇಲೆ, ಪೈಪಿಗೆ ತಾಗಿಸಿ ಪೇರಿಸುವ ರೂಢಿಯನ್ನು ದಯವಿಟ್ಟು ಬಿಡಬೇಕು. ಒಂದೇ ಪದರದ ತಗಡಿನ ಕೊಳವೆಯಿಂದ 45 ಸೆಂಟಿಮೀಟರ್ ಒಳಗೆ ಉರಿಯುವ ವಸ್ತು ಯಾವುದೂ ಇರಬಾರದು, ಮಾಡಿನ ರೀಪು ಪಕಾಸಿಗಳೂ ಸಹ. ವರ್ಷಗಟ್ಟಲೆ ಬಿಸಿಗೆ ಒಡ್ಡಿದ ಮರ ಒಳಗೊಳಗೇ ಇದ್ದಿಲಾಗುತ್ತ ಬಂದು ಕಡಿಮೆ ಶಾಖಕ್ಕೂ ಹೊತ್ತಿಕೊಳ್ಳಬಲ್ಲದು. ಪೈಪುಗಳನ್ನು ಜೋಡಿಸುವಾಗ ಮೇಲಿನದರ ತುದಿ ಕೆಳಗಿನದರ ಒಳಗೆ ಇಳಿಯಬೇಕು, ಆಗ ಜಿಡ್ಡು ಒಳಗಿನಿಂದಲೇ ಇಳಿದು ಒಲೆಗೆ ಸೇರುತ್ತದೆ. ಹಾಲಿನ ಕವರ್, ಸೈಕಲ್ ಟ್ಯೂಬು, ಟಯರಿನ ತುಂಡು, ಪೇಂಟು ಬಳಿದ ಹಲಗೆ ಇವನ್ನು ಹೊತ್ತಿಸಲೆಂದು ಹಾಕುವುದರಿಂದ ವಿಷದ ಹೊಗೆಯ ಜೊತೆಗೆ ಮಸಿಯೂ ವಿಪರೀತವಾಗುತ್ತದೆ. ಪೆಟ್ರೋಲು, ಸ್ಯಾನಿಟೈಸರ್ ಸುರಿದು ಬೆಂಕಿ ಹಚ್ಚುವವರ ಬಗ್ಗೆ ಹೇಳಬೇಕಾದ್ದೇನಿದೆ, ಸುಟ್ಟ ಗಾಯದ ವಾರ್ಡುಗಳು ಹೇಳುತ್ತವೆ.

ಚಿಮಣಿಯನ್ನು ಗುಡಿಸಲು ನಮ್ಮಲ್ಲಿ ಗೊತ್ತಾದ ದಿನವೊಂದು ಈಗಾಗಲೇ ಇದೆ ಎಂದು ನನಗೆ ಅನ್ನಿಸುತ್ತದೆ. ದೀಪಾವಳಿಯ ಮೊದಲ ಸಂಜೆ, ನೀರು ತುಂಬುವ ಹಬ್ಬದಂದು, ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ಶೇಡಿಯಿಂದ ಚಿತ್ತಾರ ಬರೆದು, ಹಿಂಡಲೆಕಾಯಿ ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತೇವೆ. ಮಳೆಗಾಲವಿಡೀ ಹಸಿ ಸೌದೆ ಉರಿಸಿ ಟಾರು ಕಟ್ಟಿದ ಚಿಮಣಿಗೆ ಶುದ್ಧಿ ಬೇಕಾಗುವುದೂ ಸರಿಯಾಗಿ ಆಗಲೇ. ಪಾತ್ರೆಯ ಹೊರಮೈಗೆ ಸಲ್ಲುವ ಆ ಶ್ರದ್ಧೆ ಅದರ ನಡುವಿನ ಹೊಗೆನಾಳಕ್ಕೂ ಮೇಲಿನ ಕೊಳವೆಗೂ ಸಂದರೆ ಸಾಕು; ಕೊಳವೆಯ ಅಳತೆಗೆ ತಕ್ಕ ತಂತಿ ಬ್ರಷ್ಷನ್ನು ಬಿದಿರಿನ ಗಳಕ್ಕೆ ಕಟ್ಟಿ, ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡು ಮೇಲಿನಿಂದ ಕೆಳಗೆ ಎಳೆದು, ಬಿದ್ದ ಮಸಿಯನ್ನು ಬುಡದ ಬಾಯಿಂದ ತೆಗೆಯಬೇಕು. ಮಳೆಗಾಲದ ಆರಂಭಕ್ಕೆ ಮುನ್ನ ಇನ್ನೊಂದು ಸಲ, ಮುಚ್ಚಳ ಭದ್ರವಾಗಿದೆಯೇ, ಮೇಲೆ ಸಾಕಷ್ಟು ತೆರಪಿದೆಯೇ ಎಂದು ನೋಡಬೇಕು. ಹಳೆಯ ಆಸ್ಬೆಸ್ಟಾಸ್ ಸಿಮೆಂಟಿನ ಪೈಪನ್ನೇ ಚಿಮಣಿಯಾಗಿ ನಿಲ್ಲಿಸಿರುವ ಮನೆಗಳು ಇನ್ನೂ ಬಹಳವಿವೆ. ಅದು ಜೋರು ಶಾಖಕ್ಕೆ ಸೀಳುತ್ತದೆ, ಒಣಗಿದ್ದಾಗ ಕೆರೆದರೆ ಅಥವಾ ಗರಗಸದಿಂದ ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ. ಅದನ್ನು ಒಡೆಯದೆ ಇಡಿಯಾಗಿ ಇಳಿಸಿ ಬದಲಾಯಿಸುವುದು ಉತ್ತಮ.

ಇನ್ನು ಏರ್ ಪೈಪು. 100 ಲೀಟರ್ ನೀರು 25 ಡಿಗ್ರಿಯಿಂದ 95 ಡಿಗ್ರಿಗೆ ಕಾದಾಗ ಸುಮಾರು ಮೂರೂವರೆ ಲೀಟರ್ ಹಿಗ್ಗುತ್ತದೆ, ಕುದಿದು ಆವಿಯಾದರೆ ಒಂದೊಂದು ಲೀಟರೂ 1600 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಕರೆಂಟಿನ ಗೀಸರಿನಲ್ಲಿ ಶಾಖ ಮೀರಿದರೆ ತಾನೇ ಆರಿಸಿಕೊಳ್ಳುವ ಥರ್ಮೋಸ್ಟಾಟ್ ಇರುತ್ತದೆ. ಕಟ್ಟಿಗೆಯ ಬೆಂಕಿಗೆ ಅಂಥ ಯಾವ ಕಡಿವಾಣವೂ ಇಲ್ಲ. ಆದ್ದರಿಂದ ಬಾಯ್ಲರಿನ ನೆತ್ತಿಯಿಂದ ಹೊರಟು ಎಲ್ಲಿಯೂ ಕೆಳಗಿಳಿಯದೆ, ನಡುವೆ ಯಾವ ವಾಲ್ವೂ ಇಲ್ಲದೆ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಮೇಲೆ ಬಯಲಿಗೆ ತೆರೆದುಕೊಳ್ಳುವ ಕೊಳವೆಯೊಂದು ಇರಲೇಬೇಕು. ಅದೊಂದಿದ್ದರೆ ಪಾತ್ರೆಯೊಳಗೆ ಒತ್ತಡ ಅತಿಯಾಗಿ ಏರುವುದಿಲ್ಲ. ಅದನ್ನು ಮುಚ್ಚಿದ ದಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕಾಯುತ್ತಲೇ ಹೋಗುತ್ತದೆ, ಬೆಸುಗೆ ಬಿಟ್ಟುಕೊಟ್ಟ ಕ್ಷಣದಲ್ಲಿ ಅದರ ಒಂದು ಭಾಗ ಒಮ್ಮೆಗೇ ಆವಿಯಾಗಿ ಗೋಡೆಯನ್ನೇ ಕೆಡವಬಲ್ಲ ಸ್ಫೋಟವಾಗುತ್ತದೆ.

ಬೇಕೆಂದು ಇದನ್ನು ಯಾರೂ ಮುಚ್ಚುವುದಿಲ್ಲ. ಪ್ರತಿ ಸಲವೂ ಬೇರೊಂದು ಅನುಕೂಲಕ್ಕಾಗಿಯೇ ಅದು ಮುಚ್ಚಿಹೋಗುತ್ತದೆ. ಷವರಿನಲ್ಲಿ ನೀರು ಜೋರಾಗಿ ಬರಲೆಂದು ಪ್ರೆಷರ್ ಪಂಪು ಕೂರಿಸುತ್ತಾರೆ, ಆಗ ಏರ್ ಪೈಪಿನಿಂದ ನೀರು ಉಕ್ಕುತ್ತದೆ, ಪ್ಲಂಬರು ಅದಕ್ಕೊಂದು ಗೇಟ್ ವಾಲ್ವನ್ನೋ ಬಿರಟೆಯನ್ನೋ ಹಾಕಿ ಹೋಗುತ್ತಾನೆ. ಬಿಸಿನೀರು ಟ್ಯಾಂಕಿಗೆ ಹಿಂದಿರುಗುತ್ತದೆಂದು ತಣ್ಣೀರಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕುತ್ತಾರೆ, ಹಿಗ್ಗಿದ ನೀರಿಗೆ ಇದ್ದ ಇನ್ನೊಂದು ದಾರಿಯೂ ಅಲ್ಲಿಗೆ ಮುಗಿಯುತ್ತದೆ. ಮತ್ತೆ ಕೆಲವರು ಏರ್ ಪೈಪನ್ನೇ ಸಾಮಾನ್ಯ ಪಿವಿಸಿಯಲ್ಲಿ ಮಾಡಿಸುತ್ತಾರೆ. ಪಿವಿಸಿ 60 ಡಿಗ್ರಿಯ ಆಚೆಗೆ ಮೆತ್ತಗಾಗುವ ವಸ್ತು. ಆವಿ ತಾಗಿದೊಡನೆ ಬಾಗಿ ಚಪ್ಪಟೆಯಾಗಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಈ ಕೊಳವೆ ಕನಿಷ್ಠ ಮುಕ್ಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ತಾಮ್ರದ್ದೇ ಆಗಿರಬೇಕು, ಮತ್ತು ಕಟ್ಟಿಗೆ ಬಾಯ್ಲರ್ ಇರುವ ಸಾಲಿನಲ್ಲಿ ಪ್ರೆಷರ್ ಪಂಪು ಇರಬಾರದು. ನೀರು ಖಾಲಿಯಾದ ಬಾಯ್ಲರಿಗೆ ಬೆಂಕಿ ಹಾಕಿದ್ದು ಗೊತ್ತಾದರೆ ಗಾಬರಿಯಿಂದ ತಣ್ಣೀರು ಬಿಡಬಾರದು. ಒಲೆಯ ಬೆಂಕಿಗೆ ಬೂದಿಯನ್ನೋ ಒಣ ಮರಳನ್ನೋ ಸುರಿದು, ಕೋಣೆಯಿಂದ ಹೊರಬಂದು, ಪಾತ್ರೆ ತಾನಾಗಿ ತಣಿಯುವವರೆಗೆ ಕಾಯಬೇಕು. ಏರ್ ಪೈಪು ಕಟ್ಟಿಕೊಂಡಿರುವ ಸಂಶಯ ಬಂದಾಗಲೂ ಮಾಡಬೇಕಾದದ್ದು ಇದನ್ನೇ.

ಮಕ್ಕಳಿರುವ ಮನೆಯವರು ಇನ್ನೊಂದನ್ನು ಗಮನಿಸಬೇಕು: 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳಕ್ಕೆ ಸುಡುತ್ತದೆ, ಬಾಯ್ಲರಿನ ನೀರು ಅದಕ್ಕಿಂತ ಎಷ್ಟೋ ಬಿಸಿ, ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ತೆಗೆದ ಬೂದಿಯಲ್ಲಿ ಕೆಂಡ ಒಂದು ದಿನಕ್ಕೂ ಹೆಚ್ಚು ಜೀವಂತವಿರಬಲ್ಲದು, ಪ್ಲಾಸ್ಟಿಕ್ ಬುಟ್ಟಿಗೆ ಅಥವಾ ಗೊಬ್ಬರದ ಗುಂಡಿಯ ದರಗಿನ ಮೇಲೆ ಹಾಕದೆ ಮುಚ್ಚಳವಿರುವ ಲೋಹದ ಡಬ್ಬದಲ್ಲಿಡಬೇಕು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಬಾಯ್ಲರ್ ಮನೆಯೊಳಗಿರುವವರು ಮಲಗುವ ಕೋಣೆಯ ಹತ್ತಿರ ಒಂದನ್ನು ಹಾಕಿಸುವುದು ಅಗತ್ಯ. ಹೊಗೆಯ ಅಲಾರಂ ಬೇರೆ, ಅದು ಈ ಕೆಲಸಕ್ಕೆ ಬಾರದು.

ಈ ವಿಷಯದಲ್ಲಿ ಕಾನೂನಿನ ಕಣ್ಗಾವಲು ನಮಗಿಲ್ಲ. 1923ರ ಬಾಯ್ಲರ್ ಕಾಯ್ದೆಯಾಗಲಿ ಅದರ ಜಾಗಕ್ಕೆ ಬಂದ 2025ರ ಕಾಯ್ದೆಯಾಗಲಿ ಒತ್ತಡದಲ್ಲಿ ಉಗಿ ಉತ್ಪಾದಿಸುವ ಬಾಯ್ಲರುಗಳಿಗೆ ಅನ್ವಯಿಸುತ್ತವೆ. 100 ಡಿಗ್ರಿಗಿಂತ ಕೆಳಗೆ ನೀರು ಕಾಯಿಸುವ ಮನೆಯ ಪಾತ್ರೆ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಇನ್‌ಸ್ಪೆಕ್ಟರರು ಮನೆಮನೆಯ ಬಚ್ಚಲಿಗೆ ಬರಬೇಕೆಂದು ನಾನು ಕೇಳುವುದೂ ಇಲ್ಲ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ 'ಅಸ್ತ್ರ' ಘಟಕ ರೂಪಿಸಿದ ಒಲೆ ನಮ್ಮ ಹಳ್ಳಿಗಳಿಗೆ ಬಂದಾಗ ಚಿಮಣಿ ಆ ಒಲೆಯ ಅಂಗವಾಗಿಯೇ, ಅಳತೆ ಸಮೇತ ಬಂದಿತ್ತು. ಬಾಯ್ಲರಿನ ವಿಷಯದಲ್ಲಿ ಅಷ್ಟೂ ಆಗಿಲ್ಲ. ಮನೆಯ ನಕ್ಷೆ ಬರೆಯುವ ಎಂಜಿನಿಯರುಗಳು ಬಾಯ್ಲರಿನ ಜಾಗವನ್ನು ಗುರುತಿಸುವಾಗಲೇ ಚಿಮಣಿ ಹಾಯುವ ದಾರಿಯನ್ನೂ, ಒಲೆಗೆ ಗಾಳಿ ಬರುವ, ಮುಚ್ಚಲಾಗದ ಕಿಂಡಿಯನ್ನೂ, ಏರ್ ಪೈಪನ್ನೂ ಗುರುತಿಸಬೇಕು. ಐಟಿಐಗಳ ಪ್ಲಂಬಿಂಗ್ ತರಗತಿಯಲ್ಲಿ ಕಟ್ಟಿಗೆ ಬಾಯ್ಲರಿನ ಜೋಡಣೆಗೆ ಒಂದು ದಿನ ಮೀಸಲಿಡಬೇಕು. ತಯಾರಕರು ತಮ್ಮ ಹೆಸರನ್ನು ತಾಮ್ರದ ಮೇಲೆ ಎಷ್ಟು ಅಚ್ಚುಕಟ್ಟಾಗಿ ಒತ್ತುತ್ತಾರೋ ಅಷ್ಟೇ ಅಚ್ಚುಕಟ್ಟಾಗಿ, ಏರ್ ಪೈಪು ಹೊರಡುವ ತೂತಿನ ಪಕ್ಕದಲ್ಲಿ 'ಇದನ್ನು ಮುಚ್ಚಬೇಡಿ, ವಾಲ್ವ್ ಹಾಕಬೇಡಿ' ಎಂದೂ, ಚಿಮಣಿಯ ಕೊರಳಿನ ಬಳಿ ಹಾಕಬೇಕಾದ ಪೈಪಿನ ಅಳತೆಯನ್ನೂ ಕನ್ನಡದಲ್ಲಿ ಒತ್ತಿಸಿ ಮಾರಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಓದುಗ